ಯಂತ್ರಕ್ಕೊಂದು ಅಮಾವಾಸ್ಯೆ

ಯಂತ್ರ ರಿಪೇರಿಗೆ ಬಂದವಳ ಕೈಗೆ ದಾರ ಕತ್ತರಿಸುವ ಕತ್ತರಿ ಕೊಟ್ಟು ನೆಲದ ಮೇಲೆ ಕೂರಿಸಿದ ಮಹಾನುಭಾವನೆಂದು ಸಿದ್ದರಾಮೇಶ್ ರಾಯದುರ್ಗದ ಜೀನ್ಸ್ ಕಾರ್ಖಾನೆಗಳಲ್ಲೆಲ್ಲ ಹೆಸರಾಗಿದ್ದಾನೆ. ಮೂವತ್ತು ವರ್ಷ ಮ್ಯಾನೇಜರಾಗಿ ದುಡಿದದ್ದಕ್ಕೆ ಸಿಕ್ಕ ಕೀರ್ತಿ ಇದೊಂದೇ.

ಅವನದೂ ಪೂರ್ತಿ ತಪ್ಪಲ್ಲ. ದಾರ ಕತ್ತರಿಸಲು ಒಬ್ಬ ಹೆಣ್ಣಾಳು ಬೇಕೆಂದು ಹಿಂದಿನ ದಿನವಷ್ಟೇ ಹೇಳಿ ಕಳಿಸಿದ್ದ. ಬೆಳಿಗ್ಗೆ ನೋಡಿದರೆ ಹೆಗಲಿಗೊಂದು ಚೀಲ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಒಬ್ಬಳು ಬಾಗಿಲಲ್ಲಿ ನಿಂತಿದ್ದಳು. ಇಂಜಿನಿಯರ್ ಎಂದರೆ ಗಂಡಸು, ಅದೂ ಹೇಳಿದ ಹೊತ್ತಿಗೆ ಬಾರದ ಗಂಡಸು ಎಂಬುದು ಸಿದ್ದರಾಮೇಶನ ಅನುಭವ.

"ಅಲ್ಲಿ ಕುಂದ್ರವ್ವಾ. ಬರೇ ದಾರ ಕತ್ತರಸು, ಬಟ್ಟಿ ಕತ್ತರಸಬ್ಯಾಡ ಮತ್ತ" ಎಂದ.

ಅವಳು ಚೀಲ ಪಕ್ಕಕ್ಕಿಟ್ಟು ಕೂತಳು. ಒಂದೊಂದೇ ಪ್ಯಾಂಟು ಎತ್ತಿಕೊಂಡು ದಾರ ತೆಗೆದಳು, ಜೇಬನ್ನು ಒಳಮೈ ತಿರುಗಿಸಿ ನೋಡಿದಳು, ಮಡಿಸಿಟ್ಟಳು. ಕೆಲಸ ಅಚ್ಚುಕಟ್ಟಾಗಿತ್ತು. ಇವಳನ್ನು ಕಾಯಂ ಮಾಡಬಹುದು ಎಂದು ಸಿದ್ದರಾಮೇಶ್ ಮನಸ್ಸಿನಲ್ಲೇ ಅಂದುಕೊಳ್ಳುವಾಗ ಧಣಿ ಕಿರಣ್‌ಕುಮಾರ್ ಕೋಣೆಯಿಂದ ಹೊರಗೆ ಬಂದರು.

"ಏನ್ರೀ ಸಿದ್ದರಾಮೇಶ್, ಅನಂತಪುರದಿಂದ ಮೇಡಂ ಬರಬೇಕಿತ್ತಲ್ರಿ?"

ನೆಲದ ಮೇಲಿದ್ದವಳು ಕತ್ತರಿ ಸಮೇತ ಕೈ ಎತ್ತಿದಳು. "ಬಂದು ಅರ್ಧ ಗಂಟೆ ಆಯ್ತು ಸಾರ್. ಇವ್ರು ಮೊದ್ಲು ಪರೀಕ್ಷೆ ಇಟ್ಟವ್ರೆ."

ಅರವತ್ತು ಜನ ಒಟ್ಟಿಗೆ ನಕ್ಕರು. ಕಸೂತಿ ಯಂತ್ರ ನಡೆಸುವ ಎರ್ರಿಸ್ವಾಮಿಯಂತೂ ಕೂತ ಸ್ಟೂಲಿನಿಂದ ಇಳಿದು ನಕ್ಕ. ಸಿದ್ದರಾಮೇಶ್ ಬೆವರು ಒರೆಸಿಕೊಳ್ಳುತ್ತ ಕ್ಷಮೆ ಕೇಳಲು ಹೋದರೆ ಅವಳು ಬೇರೆಯದನ್ನೇ ಕೇಳಿದಳು: "ಈ ಜೇಬುಗಳಲ್ಲಿ ಟಗರು ಇಲ್ವಲ್ಲ ಸಾರ್?"

ಸಿದ್ದರಾಮೇಶನ ಬೆವರು ಅಲ್ಲೇ ತಣ್ಣಗಾಯಿತು.

ಆ ಕಾರ್ಖಾನೆಯಲ್ಲಿ ಜೇಬಿನೊಳಗೆ ಟಗರು ಹೊಲಿಯುತ್ತಿದ್ದವನು ಒಬ್ಬನೇ, ನರಸಪ್ಪ. ಗುಡಿಬಂಡೆ ಕಡೆಯ ಕುರಿ ಸಾಕುವ ಮನೆಯವನು; ಕುರಿ ತಮ್ಮಂದಿರಿಗೆ ಬಿಟ್ಟು ಹೊಲಿಗೆ ಹಿಡಿದು ಹೆಂಡತಿ ಮಗಳೊಂದಿಗೆ ರಾಯದುರ್ಗಕ್ಕೆ ಬಂದಿದ್ದ. ಯಾವ ಪ್ಯಾಂಟು ಯಾರು ಹೊಲಿದದ್ದೆಂದು ತಿಳಿಯಲಿ ಎಂದು ಪ್ರತಿ ದರ್ಜಿಯೂ ಜೇಬಿನೊಳಗೊಂದು ಗುರುತು ಹಾಕುವುದು ರೂಢಿ. ಉಳಿದವರು ಒಂದು ಅಡ್ಡಗೀಟು ಎಳೆದು ಕೈ ತೊಳೆದುಕೊಳ್ಳುತ್ತಿದ್ದರು. ನರಸಪ್ಪ ಮಾತ್ರ ಉಗುರಿನಷ್ಟು ಜಾಗದಲ್ಲಿ ಎರಡು ಕೊಂಬು, ನಾಲ್ಕು ಕಾಲು ತರುತ್ತಿದ್ದ.

ಹಿರಿಯ ಧಣಿ ಸಣ್ಣಬಸಪ್ಪನವರ ಕಾಲದಲ್ಲಿ ಅಮಾವಾಸ್ಯೆಯಂದು ಒಂದು ಚಕ್ರವೂ ತಿರುಗುತ್ತಿರಲಿಲ್ಲ. ಯಂತ್ರ ಒರೆಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಎಲ್ಲರೂ ಮನೆಗೆ. ಮಗ ಕಿರಣ್‌ಕುಮಾರ್ ಗಾದಿಗೆ ಬಂದ ತಿಂಗಳೇ ಅದನ್ನು ರದ್ದು ಮಾಡಿದರು. "ಅಮಾಸಿ ನಿಮಗಿರಬೌದು. ಮಷಿನ್ನಿಗೆ ಎಲ್ಲೈತಿ ಅಮಾಸಿ?" ಎಂದರು. ಎಲ್ಲರೂ ತಲೆ ತಗ್ಗಿಸಿ ಪೆಡಲು ತುಳಿದರು. ನರಸಪ್ಪ ಯಂತ್ರದ ಮೇಲೊಂದು ಹೂವಿಟ್ಟು ಕೈಕಟ್ಟಿ ಕೂತ.

ಆ ವಾರ ಅವನು ಹೊಲಿದಿಟ್ಟಿದ್ದ ನಲವತ್ತು ಪ್ಯಾಂಟು ಮೂಲೆಯಲ್ಲಿದ್ದವು. ಧಣಿ ಅವನ್ನು ನಡುವೆ ತಂದು ಸುರಿಸಿದರು. "ನಿನ್ನ ಗುರುತು ನನ್ನ ಮಾಲಿನ್ಯಾಗ ಬ್ಯಾಡ. ಎಲ್ಲಾರ ಮುಂದ ಕುಂತು ಬಿಚ್ಚು. ಸಿದ್ದರಾಮೇಶ್, ಇವನಿಗೊಂದು ಸೂಜಿ ತಂದು ಕೊಡ್ರಿ."

ಸಿದ್ದರಾಮೇಶ್ ತಂದುಕೊಟ್ಟ. ಡಬ್ಬಿಯಲ್ಲಿ ಹುಡುಕಿ ಮೊಂಡಾಗದ ಸೂಜಿಯನ್ನೇ ಆರಿಸಿ ತಂದಿದ್ದ. ಅದೊಂದು ದಯೆ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದ. ನರಸಪ್ಪ ನಲವತ್ತು ಟಗರುಗಳನ್ನೂ ಕಾಲು ಕೊಂಬು ಬಿಡದೆ ಬಿಚ್ಚಿ, ಪ್ಯಾಂಟುಗಳನ್ನು ಮಡಿಸಿಟ್ಟು ಎದ್ದು ಹೋದ. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂರಲಿಲ್ಲ. ಊರಿಗೆ ಹೋಗಿ ಮತ್ತೆ ಕುರಿ ಹಿಂದೆ ನಡೆದ. ಹದಿನಾಲ್ಕು ವರ್ಷವಾಯಿತು.

"ನೀನು ನರಸಪ್ಪನ..." ಎಂದ ಸಿದ್ದರಾಮೇಶ್, ಧಣಿ ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು.

"ಮಗಳು. ಜ್ಯೋತಿ. ಅವತ್ತು ನಮ್ಮಪ್ಪನಿಗೆ ಊಟ ತಂದು ಗೇಟ್ ಹತ್ರ ನಿಂತಿದ್ದೆ. ನಲವತ್ತೂ ಎಣಿಸ್ಕೊಂಡೆ."

ಒಂಬತ್ತನೇ ಕ್ಲಾಸಿನ ಆ ಹುಡುಗಿ ಮಡಕಶಿರಾದಲ್ಲಿ ಓದು ಮುಗಿಸಿ, ಅನಂತಪುರದ ಒಂದು ಅಂಗಡಿಯಲ್ಲಿ ಯಂತ್ರಗಳ ಮಿದುಳು ಬಿಚ್ಚಿ ಕೂಡಿಸುವುದನ್ನು ಕಲಿತಿದ್ದಳು. ಕಾರ್ಖಾನೆಯ ನಾಲ್ಕು ಕಂಪ್ಯೂಟರ್ ಕಸೂತಿ ಯಂತ್ರಗಳೂ ಈಚೆಗೆ ಪದೇ ಪದೇ ನಿಲ್ಲುತ್ತಿದ್ದವು. ಮಾರಿದ ಕಂಪನಿ ಬಾಗಿಲು ಹಾಕಿಕೊಂಡಿತ್ತು. ಅವುಗಳ ಕರ್ನಲನ್ನೇ ಮೂಲದಿಂದ ಹೊಸದಾಗಿ ಕಟ್ಟಬಲ್ಲವರು ಈ ಸೀಮೆಯಲ್ಲಿ ಇವಳೊಬ್ಬಳೇ ಎಂದು ಯಾರೋ ಧಣಿಗೆ ಹೇಳಿದ್ದರು. ಅವಳಪ್ಪ ಯಾರೆಂದು ಹೇಳಿರಲಿಲ್ಲ.

"ಕರ್ನಲ್ ಅಂದ್ರ ಏನವ್ವಾ ಅದು?" ಸಿದ್ದರಾಮೇಶ್ ಕೇಳಿದ.

"ನಿಮ್ಮಂಗೇ, ಮ್ಯಾನೇಜರು. ಮೋಟಾರು, ಸೂಜಿ, ಪರದೆ, ಗಡಿಯಾರ ಎಲ್ಲಾ ಅದನ್ನ ಕೇಳ್ಕೊಂಡೇ ಕೆಲ್ಸ ಮಾಡ್ತವೆ."

"ಹಂಗಾದ್ರ ಅದರ ಮಾತು ಯಾರೂ ಕೇಳಂಗಿಲ್ಲ ಬಿಡು."

"ಇಲ್ಲಿ ಕೇಳ್ತವೆ ಸಾರ್."

ಅವಳು ಲ್ಯಾಪ್‌ಟಾಪಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳನ್ನು ತೋರಿಸಿದಳು. ಮೇಲೊಂದು ಸಾಲಿನಲ್ಲಿ ಈ ಹೆಸರಿಗೆ ಇದೇ ಅರ್ಥವೆಂದು ಒಮ್ಮೆ ಬರೆದುಬಿಟ್ಟರೆ ಕೆಳಗೆ ಎಷ್ಟು ಸಾವಿರ ಸಾಲಿದ್ದರೂ ಅದೇ ಅರ್ಥವಂತೆ. ಯಂತ್ರ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕರ್ನಲ್ ಕಟ್ಟುವ ಮುಂಚೆಯೇ ಕೇಳಿ ತೀರ್ಮಾನಿಸಬೇಕಂತೆ. ಒಂದೊಂದಕ್ಕೂ ಒಂದು ಪ್ರಶ್ನೆ; ಹೌದು ಅಥವಾ ಇಲ್ಲ ಎನ್ನಬೇಕು. ಏನೂ ಹೇಳದೆ ಎಂಟರ್ ಒತ್ತಿದರೆ, ಬರೆದವರು ಯಾವುದನ್ನು ಮೊದಲೇ ಇಟ್ಟಿದ್ದಾರೋ ಅದೇ ಗಟ್ಟಿ.

"ಪ್ರಶ್ನೆಗಳಿಗೆ ಯಜಮಾನ್ರೇ ಕೂತು ಉತ್ತರ ಹೇಳ್ಬೇಕು" ಎಂದಳು ಜ್ಯೋತಿ.

ಧಣಿಗೆ ಅಷ್ಟು ಪುರುಸೊತ್ತೆಲ್ಲಿ? "ಸಿದ್ದರಾಮೇಶ್ ಕುಂದುರ್ತಾರ. ಏನ್ ಕೇಳಿದ್ರೂ ಎಂಟರ್ ಒತ್ರಿ, ಮುಗೀತು" ಎಂದು ಫೋನು ಕಿವಿಗಿಟ್ಟುಕೊಂಡರು.

ಸಿದ್ದರಾಮೇಶ್ ಎರಡು ದಿನ ಎಂಟರ್ ಒತ್ತಿದ. ಒತ್ತಿ ಒತ್ತಿ ಬೆರಳು ಜೋಮು ಹಿಡಿಯಿತು. ಏನು ಒಪ್ಪಿಕೊಳ್ಳುತ್ತಿದ್ದೇನೆಂದು ಒಂದೂ ತಿಳಿಯಲಿಲ್ಲ. ಆ ಮಟ್ಟಿಗೆ ಅವನ ಎಂದಿನ ನೌಕರಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮಾತ್ರ ಇಂಗ್ಲಿಷ್ ಅಕ್ಷರಗಳ ನಡುವೆ ಗುರುತಿನ ಮುಖದಂತೆ ಒಂದು ಶಬ್ದ ಕಂಡಿತು. ಅಮಾವಾಸ್ಯೆ.

"ಇದೇನವ್ವಾ?"

"ಅರ್ಥ ಆಗ್ದಿದ್ರೆ ಪ್ರಶ್ನೆ ಚಿಹ್ನೆ ಒತ್ತಿ ಸಾರ್. ಕನ್ನಡದಲ್ಲೇ ವಿವರಣೆ ಬತ್ತದೆ."

ಒತ್ತಿದ. ಬಂತು. ಹೌದು ಎಂದರೆ ಪಂಚಾಂಗದ ಅಮಾವಾಸ್ಯೆಯ ದಿನ ಯಂತ್ರ ಕೆಲಸ ಮಾಡುವುದಿಲ್ಲ; ಹತ್ತು ವರ್ಷದ ತಾರೀಖುಗಳನ್ನು ಒಳಗೇ ಬರೆದಿದೆ. ಗೊತ್ತಾಗದಿದ್ದರೆ ಹೌದು ಎನ್ನಿ.

ಗೊತ್ತಾಗದಿದ್ದರೆ ಹೌದು ಎನ್ನಿ. ತನ್ನ ಮೂವತ್ತು ವರ್ಷದ ಬದುಕನ್ನು ಯಾರೋ ಒಂದೇ ಸಾಲಿನಲ್ಲಿ ಬರೆದಿಟ್ಟಂತೆ ಸಿದ್ದರಾಮೇಶನಿಗೆ ಕಂಡಿತು. ಆದರೆ ಈ ಸಲ ಅವನಿಗೆ ಗೊತ್ತಾಗಿತ್ತು. ಜ್ಯೋತಿಯ ಮುಖ ನೋಡಿದ. ಅವಳು ಡಬ್ಬಿ ತೆರೆದು ಮುದ್ದೆ ಮುರಿಯುತ್ತಿದ್ದಳು, ಇವನ ಕಡೆ ನೋಡಲೂ ಇಲ್ಲ.

ನ್ಯಾಯ ತಪ್ಪಬಾರದೆಂದು ಕೂಗಿದ: "ಧಣಿ, ಇಲ್ಲೊಂದು ಅಮಾಸಿ ವಿಷಯ ಕೇಳಾಕತ್ತೈತ್ರಿ!"

"ಏನ್ ಕೇಳಿದ್ರೂ ಎಂಟರ್ ಅಂದೆನಲ್ರೀ! ಕಿವಿ ಮನಿಯಾಗ ಬಿಟ್ಟು ಬಂದೀರೇನು?" ಒಳಗಿನಿಂದ ಉತ್ತರ ಬಂತು.

ಸೂಜಿ ತಂದುಕೊಟ್ಟಿದ್ದ ಕೈಯೇ ಅದು. ಹೆಬ್ಬೆರಳು ಊರಿ ಗಟ್ಟಿಯಾಗಿ ಒತ್ತಿದ. ಬೇರೆ ಯಾವ ಪ್ರಶ್ನೆಗೂ ಅವನು ಅಷ್ಟು ಜೋರಾಗಿ ಒತ್ತಿರಲಿಲ್ಲ.

ಹೊರಡುವಾಗ ಜ್ಯೋತಿ ಎಲ್ಲ ಪ್ರಶ್ನೋತ್ತರಗಳನ್ನೂ ಕಾಗದಕ್ಕಿಳಿಸಿ ಧಣಿಯ ಮುಂದಿಟ್ಟಳು. ಅವರು ಕೊನೆಯ ಹಾಳೆ ಹುಡುಕಿ ಸಹಿ ಹಾಕಿದರು.

ಯಂತ್ರಗಳು ಮೂರು ವಾರ ಮದುವೆ ಗಂಡಿನ ಹುರುಪಿನಲ್ಲಿ ಓಡಿದವು. ಅಮಾವಾಸ್ಯೆಯ ಬೆಳಿಗ್ಗೆ ಎರ್ರಿಸ್ವಾಮಿ ಸ್ವಿಚ್ ಹಾಕಿ ಬೊಬ್ಬೆ ಹೊಡೆದ: "ಧಣೀ, ಮಷಿನ್ನಾಗ ಟಗರು ಬಂದೈತ್ರಿ!"

ನಾಲ್ಕೂ ಪರದೆಗಳ ಮೇಲೆ ಎರಡು ಕೊಂಬು, ನಾಲ್ಕು ಕಾಲು. ಅದರ ಕೆಳಗೆ 'ಇಂದು ಅಮಾವಾಸ್ಯೆ' ಎಂಬ ಒಂದು ಸಾಲು. ಸೂಜಿಗಳು ಮಿಸುಕಲಿಲ್ಲ. ಮರುದಿನ ಯಂತ್ರಗಳು ಏನೂ ಆಗಿಲ್ಲವೆಂಬಂತೆ ಓಡಿದವು. ಕರೆಂಟಿನ ದೋಷ ಎಂದರು ಧಣಿ. ಮುಂದಿನ ಅಮಾವಾಸ್ಯೆಗೆ ಬಳ್ಳಾರಿಯಿಂದ ಮೆಕ್ಯಾನಿಕ್ ಬಂದು ಯಂತ್ರದೊಳಗಿನ ಗಡಿಯಾರದ ತಾರೀಖು ತಿರುಗಿಸಲು ನೋಡಿದ. ಗಡಿಯಾರವನ್ನು ಕೈಯಿಂದ ಬದಲಿಸಕೂಡದೇ ಎಂಬ ಪ್ರಶ್ನೆಗೂ ಸಿದ್ದರಾಮೇಶ್ ಎಂಟರ್ ಒತ್ತಿದ್ದನಂತೆ. "ಇದು ಮ್ಯಾಲಿನ ಹೊಲಿಗಿ ಅಲ್ರಿ, ಒಳಗಿಂದು. ಹಾಕ್ದೋರೇ ಬಿಚ್ಚಬೇಕು" ಎಂದು ಮೆಕ್ಯಾನಿಕ್ ಚಹಾ ಕುಡಿದು ಹೋದ.

ಮೂರನೆಯ ಅಮಾವಾಸ್ಯೆಗೆ ಹೆಂಗಸರು ಯಾರಪ್ಪಣೆಯನ್ನೂ ಕಾಯದೆ ಕುಂಕುಮ, ನಿಂಬೆಹಣ್ಣು ತಂದರು. ಕಸೂತಿ ನಿಂತ ಮೇಲೆ ಹೊಲಿಗೆಯವರು ಮಾತ್ರ ಯಾಕೆ ತುಳಿಯಬೇಕೆಂದು ಅವರೂ ಎದ್ದರು. ಧಣಿ ಹಲ್ಲು ಕಡಿಯುತ್ತ ಜ್ಯೋತಿಗೆ ಫೋನ್ ಮಾಡಿದರು. ಅವಳು ಊರಿನಲ್ಲಿದ್ದಳು, ಹಿಂದೆ ಕುರಿಗಳ ಸದ್ದು. ಸ್ಪೀಕರ್ ಹಾಕುವಂತೆ ಅವಳೇ ಹೇಳಿದಳು.

"ಯಾರ್ನ ಕೇಳಿ ಅಮಾಸಿ ಇಟ್ಟೆ ನೀನು?"

"ನಿಮ್ಮನ್ನೇ ಸಾರ್. ಹದಿನೇಳನೇ ಹಾಳೇಲಿ ಐತೆ. ಕೊನೇಲಿ ನಿಮ್ಮ ಸಹಿ ಐತೆ."

"ಆ ಟಗರು ಯಾರದು?"

"ನಮ್ಮಪ್ಪನ್ದು. ನಲವತ್ತು ಜೇಬಿಂದ ಬಿಚ್ಚಿಸಿದ್ರಲ್ಲ."

ಕಿರಣ್‌ಕುಮಾರ್ ಹುಬ್ಬು ಗಂಟಿಕ್ಕಿದರು. "ಯಾರು ನಿಮ್ಮಪ್ಪ?"

ನಿಜಕ್ಕೂ ಮರೆತಿದ್ದರು. ಸಿದ್ದರಾಮೇಶ್ ಗಂಟಲು ಸರಿ ಮಾಡಿಕೊಂಡ. "ನರಸಪ್ಪ, ಧಣಿ. ಟೇಲರ್ ನರಸಪ್ಪ. ಸೂಜಿ ತಂದುಕೊಟ್ಟವ ನಾನು."

ಫೋನಿನ ಆ ತುದಿಯಲ್ಲಿ ಒಬ್ಬ ಗಂಡಸು ಕೆಮ್ಮಿದ. ಆ ಕೆಮ್ಮು ಸಿದ್ದರಾಮೇಶನಿಗೆ ಗೊತ್ತಿತ್ತು.

"ಮಷಿನ್ನಿಗೆ ಅಮಾಸೆ ಇಲ್ಲ ಅಂದಿದ್ರಿ" ಎಂದಳು ಜ್ಯೋತಿ. "ಈಗ ಎಲ್ಲಾರ ಮುಂದೆ ಹೇಳಿ. ಐತೋ, ಇಲ್ವೋ? ಇದಕ್ಕೆ ಎಂಟರ್ ನಡೆಯಲ್ಲ."

ಧಣಿ ಸುತ್ತ ನೋಡಿದರು. ಅರವತ್ತು ಜನ ನಿಂಬೆಹಣ್ಣು ಹಿಡಿದು ನಿಂತಿದ್ದರು.

"ಐತಿ."

"ನಮ್ಮಪ್ಪನಿಗೆ ಕಿವಿ ಸ್ವಲ್ಪ ಮಂದ ಸಾರ್."

"ಐತಿ! ಮಷಿನ್ನಿಗೆ ಅಮಾಸಿ ಐತಿ! ಸಾಕೇನವ್ವಾ?" ಧಣಿಯ ದನಿ ತಗಡಿನ ಚಾವಣಿಗೆ ಬಡಿದು ಬಂತು. "ಅಂದೆನಲ್ಲ, ಈಗ ಬಂದು ಬಿಚ್ಚಿ ಕೊಡು. ಕಾರ್ ಕಳಸ್ತೀನಿ. ಇವತ್ತೇ ಬರಾಕ ನಿನಗೇನು ಅಡ್ಡಿ?"

"ಇವತ್ತು ಅಮಾಸೆ ಅಲ್ವಾ ಸಾರ್" ಎಂದಳು ಜ್ಯೋತಿ.