ಒಂದು ಪಟ್ಟಿ ತೊಗಟೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನರ್ಸರಿಯ ಹಿಂದಿನ ತಗಡಿನ ಚಪ್ಪರದಡಿ ಒಬ್ಬರು ಕುಕ್ಕರಗಾಲಲ್ಲಿ ಕೂತು, ಹಲ್ಲುಜ್ಜುವ ಬ್ರಷ್ಷಿನಿಂದ ಮರ ಉಜ್ಜುತ್ತಿದ್ದಾರೆ. ಮರವೆಂದರೆ ಕುಂಡದಲ್ಲಿರುವ ಮೊಣಕೈಯುದ್ದದ ಜುನಿಪರ್ ಬೋನ್ಸಾಯ್. ಕಾಂಡದ ಒಂದು ಮಗ್ಗುಲಿಗೆ ತೊಗಟೆಯೇ ಇಲ್ಲ. ಬಿಸಿಲಿಗೆ ಬಿದ್ದ ಮೂಳೆಯಂತೆ ಬೆಳ್ಳಗೆ ತಿರುಚಿಕೊಂಡಿದೆ. ಬೆಟ್ಟದ ಗಾಳಿಗೂ ಸಿಡಿಲಿಗೂ ಸಿಕ್ಕಿ ಅರೆಜೀವವಾಗಿ ಉಳಿದ ಹಳೇ ಮರದ ಹಾಗೆ ಕಾಣಲಿ ಎಂದು ಹೀಗೆ ಮಾಡುತ್ತಾರೆ. ಆ ಸತ್ತ ಭಾಗವನ್ನು ರೂಪಿಸುವುದು, ಕೊಳೆಯದಂತೆ ಕಾಯುವುದು ಇವರ ಕೆಲಸ. ಸುಣ್ಣ, ಗಂಧಕ ಸೇರಿಸಿ ಕುದಿಸಿದ ನೀರನ್ನು ಅದಕ್ಕೆ ಬಳಿಯುವುದರಿಂದ ಎಲ್ಲರ ಬಾಯಲ್ಲಿ ಇವರು ಸುಣ್ಣದಣ್ಣ.

"ಬಳಿದಾಗ ಹಳದಿ, ಒಣಗಿದ ಮೇಲೆ ಬಿಳಿ. ವಾಸನೆ ಮಾತ್ರ ಕೊಳೆತ ಮೊಟ್ಟೇದು," ಎಂದು ನಗುತ್ತಾರೆ. "ನನ್ನ ಹೆಂಡ್ತಿ ಬಾಗಿಲಲ್ಲೇ ಕೇಳ್ತಾಳೆ, ಸ್ನಾನ ಮಾಡಿ ಒಳಗೆ ಬರ್ತೀರೋ, ಇವತ್ತು ಹೊರಗೇ ಮಲಗ್ತೀರೋ ಅಂತ."

ನರ್ಸರಿ ಮೊದಲು ಅಪ್ಪನದು. ಈಗ ನಡೆಸುವುದು ಅಕ್ಕ. ಅಪ್ಪ ಇಬ್ಬರಿಗೂ ಒಂದೇ ಕೆಲಸ ಕಲಿಸಿದರು. ಅಕ್ಕನಿಗೆ ಮಾತು ಹತ್ತಿತು, ತಮ್ಮನಿಗೆ ಕೈಕೆಲಸ ಹತ್ತಿತು. ಒಂದು ಬೆಳಗಿಗೆ ಎರಡೋ ಮೂರೋ ಮರ, ಅಷ್ಟೇ. ಪಾಚಿ ಉಜ್ಜಬೇಕು, ಬಳಿಯುವ ನೀರು ಬೇರಿಗಿಳಿಯದಂತೆ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಬೇಕು, ಬಿಸಿಲು ಕಾಯಬೇಕು. ಬಿಳಿ ಭಾಗವನ್ನು ಹೊಸದಾಗಿ ಮಾಡುವಾಗ ಕತ್ತಿ ಬಳಸುವುದು ಕಡಿಮೆ. ಇಕ್ಕಳದಲ್ಲಿ ನಾರು ಹಿಡಿದು ಸೀಳುತ್ತಾರೆ. "ಕತ್ತಿ ನಮ್ಮ ಮಾತು ಕೇಳುತ್ತೆ. ನಾರು ಮರದ ಮಾತು ಕೇಳುತ್ತೆ."

ಮಾತಾಡುತ್ತಿದ್ದರೂ ಅವರ ಕಣ್ಣು ಮೂಲೆಯ ಮೇಜಿನತ್ತಲೇ ಹೋಗುತ್ತದೆ. ಅಲ್ಲಿರುವುದು ಅಪ್ಪ ನೆಟ್ಟ ಮರ. ಅದನ್ನು ಮೆಚ್ಚಿದ ಗಿರಾಕಿಯೊಬ್ಬರು ಕಳೆದ ತಿಂಗಳು, ಬಿಳಿ ಇನ್ನಷ್ಟಿರಲಿ ಎಂದರಂತೆ. ಬೇರಿನಿಂದ ಎಲೆಗೆ ನೀರು ಹತ್ತಲು ಉಳಿದಿದ್ದದ್ದೇ ಎರಡು ಬೆರಳಗಲದ ಒಂದು ಪಟ್ಟಿ ತೊಗಟೆ.

"ಅದರಲ್ಲಿ ಚೂರು ತೆಗಿ ಅಂದ್ಲು ಅಕ್ಕ. ಬೇಡ ಅನ್ನೋ ಮಾತು ಗಂಟಲವರೆಗೂ ಬಂದಿತ್ತು, ನುಂಗಿಬಿಟ್ಟೆ. ಸೀಳ್ತಾ ಸೀಳ್ತಾ ಚೆಂದ ಕಾಣ್ತಾ ಹೋಯ್ತು. ಆಮೇಲೆ ನನಗೇ ಆಸೆ. ಇನ್ನೊಂಚೂರು, ಇನ್ನೊಂಚೂರು ಅಂತ..." ಬ್ರಷ್ಷನ್ನು ಕೆಳಗಿಡುತ್ತಾರೆ.

ಮರವೇನೋ ಹಸಿರಾಗಿಯೇ ಇದೆ. ಆದರೆ ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿರುತ್ತದೆ. ಚಿಗುರಬೇಕಿದ್ದ ತುದಿಗಳು ಮಂಕಾಗಿವೆ. ಸುಣ್ಣದಣ್ಣ ಎದ್ದು ಹೋಗಿ ಉಳಿದ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಾರೆ. ಒಳಗೆ ಹಸಿಯಿಲ್ಲ. ಕಂದು.

ಚಹಾ ಲೋಟ ಹಿಡಿದು ಅಕ್ಕ ಬರುತ್ತಾರೆ. "ಏನೋ, ಚಿಗುರಿತಾ?"

"ಇಲ್ಲಕ್ಕ. ಹೋಗಿದೆ."

ಅಕ್ಕ ಲೋಟ ಕೆಳಗಿಡುತ್ತಾರೆ. ಆಮೇಲೆ ದನಿ ತಗ್ಗಿಸಿ, "ನಾಳೆ ಆ ಗಿರಾಕಿ ಬರ್ತಾರೆ ಕಣೋ. ಒಂದು ಎಳೇ ಗಿಡ ತಂದು ಕಾಂಡದ ಸಂದೀಲಿ ಕೂರಿಸಿ ಕಟ್ಟಿಬಿಡು, ಅದರ ಹಸಿರು ಇದರದ್ದೇ ಅನ್ನಿಸುತ್ತೆ. ನೀನು ಕಟ್ಟಿದ್ರೆ ದೇವರಿಗೂ ಗೊತ್ತಾಗಲ್ಲ."

"ಅಪ್ಪ ನೆಟ್ಟ ಮರ ಅಂತ ಹೇಳಿದೀಯಲ್ಲಕ್ಕ ಅವರಿಗೆ."

"ಕಾಂಡ ಅಪ್ಪನ್ದೇ ತಾನೆ?"

"ಕಾಂಡ ಸತ್ತಿದೆ."

"ಓಹೋ! ಆವತ್ತು ಬಾಯಿ ಬಿಡದೋನು ಇವತ್ತು ನ್ಯಾಯ ಹೇಳೋಕೆ ಬಂದ. ಹಾಗಾದ್ರೆ ನೀನೇ ಹೇಳಪ್ಪ ಅವರಿಗೆ." ಅಕ್ಕ ಫೋನು ಹಚ್ಚಿ ಮುಂದೆ ಚಾಚುತ್ತಾರೆ.

ಗಿರಾಕಿ ಬಂದರೆ ಚಪ್ಪರದ ಹಿಂದಕ್ಕೆ ಸರಿಯುವ ಮನುಷ್ಯ ಕೈ ಒರೆಸಿಕೊಂಡು ಫೋನು ತೆಗೆದುಕೊಳ್ಳುತ್ತಾರೆ. "ಸಾರ್, ನಾನು ನರ್ಸರೀಲಿ ಮರದ ಕೆಲಸ ಮಾಡೋನು. ನೀವು ಕೇಳಿದ ಮರ ಹೋಯ್ತು. ನನ್ನ ಕೈಯಿಂದಲೇ ಹೋಯ್ತು... ಇಲ್ಲ ಸಾರ್, ಅಂಥದ್ದು ಇನ್ನೊಂದಿಲ್ಲ."

ಅಕ್ಕ ಕುಂಡದ ಅಂಚನ್ನೊಮ್ಮೆ ಮುಟ್ಟಿ ಒಳಗೆ ನಡೆಯುತ್ತಾರೆ. ಸುಣ್ಣದಣ್ಣ ಮರವನ್ನು ತಮ್ಮ ಮಣೆಯ ಪಕ್ಕಕ್ಕೆ ತಂದಿಟ್ಟುಕೊಳ್ಳುತ್ತಾರೆ.

"ಎಸೆಯಲ್ಲ. ಎಲೆ ಉದುರಲಿ, ಉಳಿದ ತೊಗಟೇನೂ ಬಿಡಿಸಿ ಪೂರ್ತಿ ಬೆಳ್ಳಗೆ ಮಾಡಿ ಇಲ್ಲೇ ಇಟ್ಕೋತೀನಿ. ಇನ್ನು ಎಲ್ಲಿ ಕೈ ತಡೀಬೇಕು ಅನ್ನೋ ಯೋಚನೇನೇ ಇಲ್ಲ, ನೋಡಿ."