ಭಾವನ ಎಂಟು ನಂಬರಿನ ನಾಬ್

ಅಕ್ಕನನ್ನು ಮದುವೆಯಾದ ದಿನದಿಂದ ಅವರು ನನಗೆ ಭಾವ. ಮುಖದಲ್ಲಿ ಮಾತ್ರ ಇವತ್ತಿಗೂ ಯಾವ ಭಾವವೂ ಇಲ್ಲ. ರೇಸ್ ಕಾರಿನ ಇಂಜಿನಿಯರಿಗೆ ಇದೇ ಆಸ್ತಿ. ದಿನವಿಡೀ ಓಡುವ ದೂರದ ರೇಸಿನಲ್ಲಿ, ಕಾರು ಹೊಗೆ ಕಾರುತ್ತಿರುವಾಗಲೂ ಡ್ರೈವರಿನ ಕಿವಿಯಲ್ಲಿ "ಎಲ್ಲಾ ಸರಿಯಿದೆ, ಓಡಿಸಿ" ಅನ್ನಬೇಕಲ್ಲ.

ಅಕ್ಕನ ತಕರಾರೇ ಬೇರೆ. "ಡ್ರೈವರ್ ಹತ್ರ ಗಂಟೆಗಟ್ಟಲೆ ಮಾತಾಡ್ತಾರಪ್ಪ. ಮನೇಲಿ ಒಂದು ಮಾತು ಹೊರಡಬೇಕಾದ್ರೆ ನಾನೂ ಹೆಲ್ಮೆಟ್ ಹಾಕ್ಕೊಂಡು ಕೂರಬೇಕೇನೋ."

ಭಾವ ಶುರುಮಾಡಿದ್ದು ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ. ಸೋರಬಾರದ್ದು ಸೋರದಂತೆ ನೋಡಿಕೊಳ್ಳುವುದು ಕೆಲಸ. ಆಮೇಲೆ ಹಾಸಿಗೆ ಕಂಪನಿಯ ಧಣಿಯೊಬ್ಬರು ರೇಸ್ ತಂಡ ಕಟ್ಟಿ ಇವರನ್ನು ಕರೆಸಿಕೊಂಡರು. ಊರನ್ನೆಲ್ಲ ಮಲಗಿಸಿ ದುಡ್ಡು ಮಾಡಿದವರಿಗೆ ತಾವು ಮಾತ್ರ ಓಡಬೇಕೆಂಬ ಚಪಲ. ಅವರು ಇಳಿಯುತ್ತಿದ್ದ ರೇಸುಗಳಲ್ಲಿ ಒಂದು ನಿಯಮವಿತ್ತು: ಸರದಿಯ ಮೇಲೆ ಓಡಿಸುವ ಮೂವರಲ್ಲಿ ಒಬ್ಬ ಹವ್ಯಾಸಿ ಇರಲೇಬೇಕು, ಅವನೂ ಇಷ್ಟು ಹೊತ್ತು ಅಂತ ಓಡಿಸಲೇಬೇಕು. ಹವ್ಯಾಸಿ ಯಾರೆಂದು ಕೇಳಬೇಕೆ? ಸಂಬಳ ಕೊಡುವವರು.

ಧಣಿ ಸುಮಾರಾಗಿ ಓಡಿಸುತ್ತಿದ್ದರು. ಆದರೆ ಸೀಟಿನಿಂದ ಇಳಿದಾಗಲೆಲ್ಲ ತಪ್ಪು ಕಾರಿನದು. "ಹಿಂಭಾಗ ಜಾರ್ತಾ ಇದೆ ಕಣ್ರೀ, ಸ್ಪ್ರಿಂಗ್ ಬದಲಾಯಿಸಿ." ಬದಲಾಯಿಸಿದರೆ ಪಳಗಿದ ಡ್ರೈವರುಗಳಿಬ್ಬರೂ ತಲೆ ಚಚ್ಚಿಕೊಳ್ಳುವರು.

ಭಾವ ಒಂದು ಉಪಾಯ ಮಾಡಿದರು. ಸ್ಟೀರಿಂಗಿನ ಬಲಕ್ಕೆ ಕೆಂಪು ನಾಬೊಂದನ್ನು ಕೂರಿಸಿ, ಸುತ್ತ ಒಂದರಿಂದ ಎಂಟರವರೆಗೆ ನಂಬರು ಬರೆಸಿದರು. "ಹಿಂಭಾಗ ಜಾರಿದ್ರೆ ಐದಕ್ಕಿಡಿ ಸರ್. ಮುಂಭಾಗ ಮಾತು ಕೇಳದಿದ್ರೆ ಮೂರು." ಅದರ ಹಿಂದೆ ಒಂದು ತಂತಿಯೂ ಇರಲಿಲ್ಲ. ತಿರುಗಿಸಿದರೆ ಕಾರಿನಲ್ಲಿ ಏನೂ ತಿರುಗುತ್ತಿರಲಿಲ್ಲ. ಧಣಿಯ ಮನಸ್ಸು ತಿರುಗುತ್ತಿತ್ತು. ಐದಕ್ಕಿಟ್ಟ ಕೂಡಲೇ ಅವರಿಗೆ ಧೈರ್ಯ ಬಂದು ತಿರುವುಗಳನ್ನು ಜೋರಾಗಿ ದಾಟುವರು. ಇಳಿದು ಬಂದು ಭಾವನ ಬೆನ್ನು ತಟ್ಟಿ, "ಐದು ಅಂದ್ರೆ ಐದು ಕಣ್ರೀ" ಅನ್ನುವರು. ವರ್ಷಗಟ್ಟಲೆ ಹೀಗೇ ನಡೆಯಿತು. ಮೆಕ್ಯಾನಿಕ್ಕುಗಳು ನಗು ತಡೆದೂ ತಡೆದೂ ಮುದುಕರಾದರು.

ಆದರೂ ಜೋರೆಂದರೆ ಎಷ್ಟು ಜೋರು? ನಾಲ್ಕನೆಯ ಜಾಗವೋ ಐದನೆಯದೋ ತಪ್ಪಲಿಲ್ಲ. ಹೋದ ವರ್ಷ ಧಣಿ ಎಲ್ಲರನ್ನೂ ಗ್ಯಾರೇಜಿಗೆ ಕರೆದು ಹೇಳಿದರು: "ಮೊದಲ ಮೂರರಲ್ಲಿ ಬರೋ ಯೋಗ್ಯತೆ ಈ ಕಾರಿಗಿಲ್ಲ ಅಂತಾದ್ರೆ, ಈ ರೇಸ್ ಮುಗಿದ ಕೂಡಲೇ ತಂಡ ಮುಚ್ಚಿಬಿಡ್ತೀನಿ." ಅಲ್ಲಿದ್ದವರೆಲ್ಲ ಮನೆಮಕ್ಕಳಿರುವವರು. ಭಾವನನ್ನಂತೂ ಈ ವಯಸ್ಸಿನಲ್ಲಿ ಪಂಪಿಗೂ ಯಾರೂ ಕರೆಯುವುದಿಲ್ಲ.

ಆ ರೇಸಿನ ಕೊನೆಯ ಸರದಿ ಧಣಿಯದು. ಕಾರು ಮೂರನೆಯ ಜಾಗದಲ್ಲಿತ್ತು. ಭಾವ ಹೆಡ್‌ಫೋನ್ ಹಾಕಿಕೊಂಡು ಪರದೆಯ ಮುಂದೆ; ನಾನೂ ಅಕ್ಕನೂ ಹಿಂದೆ ಸ್ಟೂಲುಗಳ ಮೇಲೆ. ಸ್ಪೀಕರಿನಲ್ಲಿ ಧಣಿಯ ಧ್ವನಿ ಬಂತು.

"ರೀ ಇಂಜಿನಿಯರ್ರೇ, ನಾಬ್ ಕಿತ್ತು ಕೈಗೇ ಬಂತು."

"ಯಾವುದು ಸರ್?"

"ಕೆಂಪುದು. ಒಳಗಿನ ಕಡ್ಡಿ ಎರಡಕ್ಕೂ ಮೂರಕ್ಕೂ ಮಧ್ಯೆ ನಿಂತಿದೆ. ಹಿಂಭಾಗ ವಿಪರೀತ ಜಾರ್ತಾ ಇದೆ. ರಿಪೇರಿಗೆ ಗ್ಯಾರೇಜಿನೊಳಗೆ ಬರ್ತೀನಿ."

ಒಳಗೆ ಬಂದರೆ ಮೂರನೆಯ ಜಾಗ ಹೋಯಿತು, ಅದರ ಹಿಂದೆಯೇ ತಂಡವೂ ಹೋಯಿತು.

"ಬೇಡ ಸರ್, ಹಾಗೇ ಓಡಿಸಬಹುದು."

"ಹಾಗೇ ಹೇಗ್ರೀ? ಕೂತಿರೋನು ನಾನು. ಈ ಸುತ್ತು ಮುಗಿಸಿ ಬಂದೆ."

ಮೆಕ್ಯಾನಿಕ್ಕುಗಳು ನೆಲ ನೋಡಿದರು. ಅಕ್ಕ ಭಾವನ ಅಂಗಿ ಜಗ್ಗಿ, "ಹೇಳಿಬಿಡಿ ಅತ್ಲಾಗೆ" ಅಂದಳು.

"ಸರ್, ಆ ನಾಬಿಗೆ ತಂತಿ ಇಲ್ಲ," ಅಂದರು ಭಾವ, ಎಂದಿನ ಧ್ವನಿಯಲ್ಲೇ. "ಯಾವತ್ತೂ ಇರಲಿಲ್ಲ. ಇಷ್ಟು ವರ್ಷ ಓಡಿಸಿದ್ದು ನೀವೇ."

ಕಾರು ಒಳಗೆ ಬರಲಿಲ್ಲ. ಬದಲಿಗೆ ಪರದೆಯ ಮೇಲೆ ಧಣಿಯ ವೇಗ ಏರಿತು. ಸಿಟ್ಟು ಐದಕ್ಕಿಂತ ದೊಡ್ಡ ನಂಬರು. ಕೊನೆಯ ಸುತ್ತಿಗೆ ಬಂದಾಗ ಮತ್ತೆ ಬಾಯಿ ಬಿಟ್ಟರು.

"ಹಾಗಾದ್ರೆ ಎಡಗಡೆ ನೀಲಿದೂ ನಾಟಕಾನೇ ತಾನೇ?"

"ಅದು ಬ್ರೇಕಿನದು ಸರ್. ನಿಜವಾದ್ದು. ದಯವಿಟ್ಟು ಮುಟ್ಟಬೇಡಿ."

"ಇನ್ನೂ ನಿಮ್ಮನ್ನ ನಂಬ್ತೀನೇನ್ರೀ?"

ತಿರುಗಿಸಿದರು. ಮುಂದಿನ ತಿರುವಿನಲ್ಲಿ ಬ್ರೇಕು ತುಳಿದಾಗ ಕಾರೂ ತಿರುಗಿತು, ಹುಲ್ಲಿನ ಮೇಲೆ ಪೂರ್ತಿ ಒಂದು ಪ್ರದಕ್ಷಿಣೆ. ಮತ್ತೆ ರಸ್ತೆಗೆ ಬರುವಷ್ಟರಲ್ಲಿ ಹಿಂದಿದ್ದವನು ಮುಂದೆ ಹೋಗಿದ್ದ. ನಾಲ್ಕನೆಯ ಜಾಗ.

ಗ್ಯಾರೇಜಿನಲ್ಲಿ ಒಬ್ಬ ಮೆಕ್ಯಾನಿಕ್ ಆಗಲೇ ತನ್ನ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬತೊಡಗಿದ. ಧಣಿ ಇಳಿದು ನೇರವಾಗಿ ಭಾವನ ಎದುರಿಗೆ ಬಂದು ನಿಂತರು.

"ಕಾರಿಗೆ ಯೋಗ್ಯತೆ ಇತ್ತು," ಅಂದರು. "ಕೆಡಿಸಿದ್ದು ನಾನು."

ಆ ಬಾಯಿಂದ ಇಂಥ ಮಾತು ಬಂದದ್ದು ಅದೇ ಮೊದಲು. ಭಾವ ತಾವು ಕೇಳಿಸಿಕೊಂಡದ್ದು ಸರಿಯೋ ಎಂದು ಹೆಡ್‌ಫೋನ್ ತೆಗೆದರು. "ಹಾಗಾದ್ರೆ ತಂಡ, ಸರ್..."

"ಮುಚ್ಚೋಕೆ ಕಾರಣ ಎಲ್ಲಿದೆ? ಆದರೆ ಮುಂದಿನ ವರ್ಷ ನನ್ನ ಸರದಿ ಬಂದಾಗ ಆ ನೀಲಿದರ ತಂತೀನೂ ಕಿತ್ತುಬಿಡಿ."

"ಆಗಲಿ ಸರ್."

"ಕಿತ್ತಿದೀರಿ ಅಂತ ಮಾತ್ರ ನನಗೆ ಹೇಳಬೇಡಿ," ಅಂದರು ಧಣಿ, ದನಿ ತಗ್ಗಿಸಿ. "ಗೊತ್ತಾದ್ರೆ ಅದು ಕೆಲಸ ಮಾಡಲ್ಲ."