ಎರಡು ಬೆರಳಿನ ತಟ್ಟು

ಲಾಕ್‌ಡೌನ್ ದಿನಗಳಲ್ಲಿ ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟಿನ ನಮ್ಮ ಎದುರುಮನೆಯ ಇಂಜಿನಿಯರ್, ಮುಟ್ಟಿದರೆ ಫೋನ್ ಹೇಗೆ ಅದುರಬೇಕೆಂದು ಮನೆಯಿಂದಲೇ ಹೊಂದಿಸುತ್ತಿದ್ದರು. ಒಂದು ಫೋನನ್ನು ಒರೆಸಿ ನನ್ನ ಬಾಗಿಲ ಮುಂದಿನ ಸ್ಟೂಲ್ ಮೇಲಿಟ್ಟು, ಒಂದೂವರೆ ಮೀಟರ್ ಹಿಂದೆ ಸರಿಯುವರು. "ಕಣ್ಣು ಮುಚ್ಕೊಂಡು ಹೇಳಿ, ಏನನ್ನಿಸ್ತು?"

"ಜೇನುನೊಣ," ಎನ್ನುವೆ. ಬಾಯಿಗೆ ಬಂದದ್ದು ಹೇಳಿದರೂ ಬರೆದುಕೊಳ್ಳುವರು.

ಒಂದು ಸಂಜೆ ಅವರು ತಮ್ಮ ಫೋನಿನ ಗಾಜಿನ ಮೇಲೆ ಎರಡು ಬೆರಳಿನಿಂದ ನಿಧಾನವಾಗಿ ತಟ್ಟಿದರು. ನನ್ನ ಅಂಗೈಯಲ್ಲಿದ್ದ ಫೋನ್ ಅದೇ ಲಯದಲ್ಲಿ ಮಿಡಿಯಿತು.

"ಯಾರೋ ತಟ್ಟಿ ಮಲಗಿಸ್ತಿರೋ ಹಾಗಿದೆ," ಎಂದೆ.

ಅವರು ಬರೆದುಕೊಳ್ಳಲಿಲ್ಲ. ಅಲ್ಲೇ ನಿಂತು ಮೈಸೂರಿನಲ್ಲಿದ್ದ ಹೆಂಡತಿಗೆ ಕರೆ ಮಾಡಿದರು. ವಿಮಾನಗಳು ನಿಂತಿದ್ದರಿಂದ ಅವರಿನ್ನೂ ಎತ್ತಿಕೊಂಡಿರದ ಮಗು ಅಲ್ಲಿ ಅಳುತ್ತಿತ್ತು.

"ನಾನು ಕಳಿಸಿದ್ದ ಆ್ಯಪ್ ತೆಗ್ದು, ಫೋನ್ ಅವಳ ಬೆನ್ನಿಗೆ ಇಟ್ಟು ಹಿಡ್ಕೋ," ಎಂದು, ಎರಡು ಬೆರಳನ್ನು ಗಾಜಿಗೆ ತಾಗಿಸಿ, ಈ ಸಲ ತಾವೇ ಕಣ್ಣು ಮುಚ್ಚಿಕೊಂಡರು.